ಮರುಭೂಮಿಯ ಹಾದಿಗೆ ಅಡ್ಡ ನಿಂತ ಚಾಚಾ

ಚಾಚಾ ಅವರ ಹೆಬ್ಬೆರಳಿನ ಬಿರುಕುಗಳಲ್ಲಿ ಸದಾ ಗಾಜಿನ ಬಿಳಿ ಹುಡಿ ಕೂತಿರುತ್ತಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವರದು ಕನ್ನಡಕದ ಅಂಗಡಿ. ಇಬ್ಬರು ನಿಂತರೆ ಮೂರನೆಯವನು ಬೀದಿಯಲ್ಲೇ ಕಾಯಬೇಕು. ಲೆನ್ಸುಗಳನ್ನು ತಾವೇ ಸಾಣೆ ಹಿಡಿದು ಕೂರಿಸುತ್ತಿದ್ದರು. ಹೊಸ ಕನ್ನಡಕ ಕೊಟ್ಟ ಮೇಲೆ ಗಿರಾಕಿಯನ್ನು ಹೊರಗೆ ಕಳಿಸಿ, "ಆ ಎದುರ್ಗಡೆ ಬೋರ್ಡ್ ಓದಿ, ನಂಗೆ ಕೇಳಿಸ್ಬೇಕು" ಅನ್ನುವರು. ಹಾಗಾಗಿ ಆ ಗಲ್ಲಿಯಲ್ಲಿ ಯಾರಾದರೊಬ್ಬರು ಬಿರಿಯಾನಿ ಹೋಟೆಲಿನ ಬೋರ್ಡನ್ನು ಗಟ್ಟಿಯಾಗಿ ಓದುತ್ತಲೇ ಇರುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನೂ ನನ್ನ ಗೆಳೆಯ ಡೇವಿಡ್ಡೂ ಒಂದೇ ಬೈಕಿನಲ್ಲಿ ಕಛ್‌ನ ಉಪ್ಪಿನ ಬಯಲು ದಾಟಿ ಜೈಸಲ್ಮೇರಿನ ಮರಳಿನವರೆಗೆ ಹೋಗಬೇಕೆಂದು ಯೋಜನೆ ಹಾಕಿದ್ದೆವು. ಸರದಿಯ ಮೇಲೆ ಓಡಿಸುವುದು, ಹದಿನೆಂಟು ದಿನ. ಬಿಸಿಲಿಗೆ ಕಪ್ಪು ಕನ್ನಡಕ ಮಾಡಿಸಲು ಚಾಚಾ ಬಳಿ ಹೋದೆ. ಅವರು ಹರೆಯದಲ್ಲಿ ಅಣ್ಣನ ಜೊತೆ ಸ್ಕೂಟರಿನಲ್ಲಿ ಅಜ್ಮೇರಿಗೆ ಹೋಗಿಬಂದವರು. "ಮರಳಿನ ಮೇಲೆ ಬಿಸಿಲು ಕೆಳಗಿಂದಾನೂ ಹೊಡೀತದೆ ಬೇಟಾ" ಎಂದು ಅಂಚು ಮುಚ್ಚುವ ಫ್ರೇಮು ಹುಡುಕತೊಡಗಿದರು. ಅಂದಿನಿಂದ ಆಫೀಸು ಬಿಟ್ಟ ಮೇಲೆ ನಕ್ಷೆ ಹಿಡಿದು ಅಲ್ಲಿಗೇ ಹೋಗುತ್ತಿದ್ದೆ. "ಇವತ್ತು ಎಲ್ಲೀವರೆಗೂ ಬಂತು ಪ್ಲಾನು?" ಎಂದು ಕೇಳುವರು. ಭುಜ್ ತಲುಪಿದೆ ಎಂದರೆ, ತಾವೇ ತಲುಪಿದಂತೆ ಚಹಾ ತರಿಸುವರು.

ಹೊರಡಲು ಹತ್ತು ದಿನವಿತ್ತು. ಅಳತೆ ನೋಡಲು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದ ಚಾಚಾ, ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರು.

"ನನ್ನ ಮೂಗೇ ನೋಡು. ಈ ಕೈಯಲ್ಲಿ ಎಷ್ಟು ಬೆರಳು?"

"ಮೊದ್ಲು ಕೈ ಎತ್ತಿ ಚಾಚಾ."

"ಎತ್ತೇ ಇದ್ದೀನಲ್ಲ."

ನನ್ನ ಎಡಕ್ಕೆ ತಿರುಗಿದೆ. ಮೂರು ಬೆರಳು, ಹೆಗಲಿನಿಂದ ಮೊಳ ದೂರದಲ್ಲಿ.

"ಬರೋವಾಗ ಎಡಗಡೆ ಬಾಗಿಲಿಗೆ ದಿನಾ ಡಿಕ್ಕಿ ಹೊಡೀತೀಯ. ಅವಸರ ಅಂದ್ಕೊಂಡಿದ್ದೆ. ನಿಮ್ಮಪ್ಪಂಗೆ ಕಣ್ಣು ಹೇಗಿತ್ತು?"

ಅಪ್ಪ ಕೊನೆಯ ವರ್ಷಗಳಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದರು. ವಯಸ್ಸಾಯಿತು ಎಂದುಕೊಂಡಿದ್ದೆವು. ಅದನ್ನು ಮುಚ್ಚಿಟ್ಟೆ. ವಾಪಸು ಬಂದ ಮೇಲೆ ಡಾಕ್ಟರಿಗೆ ತೋರಿಸುತ್ತೇನೆ, ಹದಿನೆಂಟು ದಿನದಲ್ಲಿ ಏನಾಗುತ್ತದೆ ಎಂದೆ.

"ಹಿಂದೆ ಕೂರೋ ಹುಡುಗಂಗೆ ಹೇಳಿದ್ಯಾ?"

"ಹೇಳೋಕೇನಿದೆ?"

"ಶನಿವಾರದೊಳಗೆ ನೀನೇ ಹೇಳು. ಇಲ್ಲಾಂದ್ರೆ ನಾನ್ ಹೇಳ್ತೀನಿ."

"ಕನ್ನಡಕ ಮಾಡ್ಕೊಡಿ ಸಾಕು. ನೀವೇನ್ ಡಾಕ್ಟರಾ?" ಎಂದು ರೇಗಿದೆ. ಅವರು ಕೈಯಲ್ಲಿದ್ದ ಲೆನ್ಸನ್ನು ಒರೆಸುತ್ತಲೇ ಇದ್ದರು.

ಗುರುವಾರ ಡೇವಿಡ್ಡನ್ನು ಕೂರಿಸಿಕೊಂಡು ದೊಮ್ಮಲೂರಿನ ಕಡೆಯಿಂದ ಬರುತ್ತಿದ್ದೆ. "ಎಡಗಡೆ! ಎಡಗಡೆ!" ಎಂದು ಅವನು ಕಿರುಚಿ ನನ್ನ ಹೆಗಲು ಜಗ್ಗಿದ. ಸೈಕಲ್ಲಿನ ಮುದುಕರೊಬ್ಬರು ಹ್ಯಾಂಡಲ್ಲಿಗೆ ತಾಗುವಷ್ಟು ಹತ್ತಿರದಲ್ಲಿ ತತ್ತರಿಸಿ, ಕಾಲೂರಿ ನಿಂತರು. ನನಗೆ ಅವರು ಕಂಡೇ ಇರಲಿಲ್ಲ. "ಬ್ರೇಕ್ ಹಿಡೀತಿಲ್ಲ" ಎಂದುಬಿಟ್ಟೆ. ಡೇವಿಡ್ ನಂಬಿದ. ಮರುದಿನ ರಜೆ ಹಾಕಿ ಹೊಸ ಬ್ರೇಕ್ ಹಾಕಿಸಿಕೊಂಡು ಬಂದ. ನಗುತ್ತ ಬೈಕಿನ ಬೀಗದ ಕೈ ನನ್ನ ಕೈಗಿಟ್ಟ.

ಶನಿವಾರ ಸಂಜೆ ಅವನನ್ನು ಅಂಗಡಿಗೆ ಕರೆದೊಯ್ದೆ. ಚಾಚಾ ಕೂರಲು ಹೇಳಿದರು, ಅಷ್ಟೇ. ಬೇರೆ ಗಿರಾಕಿಗಳನ್ನು ಸೋಮವಾರ ಬನ್ನಿ ಎಂದು ಕಳಿಸಿದರು. ಡೇವಿಡ್ ಚಹಾ ಮುಗಿಸಿದ. ನನ್ನ ಲೋಟ ತಣ್ಣಗಾಯಿತು. ಚಾಚಾ ಗಂಟಲು ಸರಿಮಾಡಿಕೊಂಡಿದ್ದೇ ತಡ, ನಾನೇ ಬಾಯಿಬಿಟ್ಟೆ.

"ನಂಗೆ ಎಡಗಡೆ ಕಾಣಲ್ಲ ಕಣೋ."

"ಮತ್ತೆ ಮೊನ್ನೆ ಬ್ರೇಕ್ ಅಂದೆ?" ಅವನ ಮುಖ ಬಿಳಿಚಿಕೊಂಡಿತು. "ಆ ತಾತ ಸತ್ತೋಗಿದ್ರೆ? ನಾನು?" ಎದ್ದು ಹೋಗಿಬಿಟ್ಟ.

ಚಾಚಾ ಷಟರ್ ಎಳೆದು, ಎರಡು ಬೀದಿ ಆಚೆಯ ಕಣ್ಣಿನ ಡಾಕ್ಟರ ಬಳಿಗೆ ನನ್ನನ್ನು ನಡೆಸಿಕೊಂಡು ಹೋದರು. ದಾರಿಯುದ್ದಕ್ಕೂ ನನ್ನ ಎಡಕ್ಕೇ ನಡೆದರು. ಕಣ್ಣೊಳಗಿನ ಒತ್ತಡ ಏರಿ ನರ ಸಾಯುತ್ತಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು ಎಂದರು ಡಾಕ್ಟರು. ಹೊರಗೆ ಬಂದಾಗ ನಾನು ಅಳುತ್ತಿದ್ದೆ. "ಉಳಿದಿದೆ ಅಂದ್ರಲ್ಲ ಬೇಟಾ, ಅದನ್ನ ಹಿಡ್ಕೋ" ಎಂದರು ಚಾಚಾ.

ಡೇವಿಡ್ ಎರಡು ತಿಂಗಳು ಮಾತಾಡಲಿಲ್ಲ. ಆಮೇಲೆ ಒಂದು ದಿನ ತಾನೇ ಮನೆಗೆ ಬಂದು ನಕ್ಷೆ ಕೇಳಿದ. ಮರುವರ್ಷ ಹೋದೆವು, ಅಷ್ಟು ದೂರವೂ ಅವನೇ ಓಡಿಸಿದ, ನಾನು ಹಿಂದೆ ಕೂತು ದಾರಿ ಹೇಳಿದೆ. ಬೆಳ್ಳಗೆ ದಿಗಂತದವರೆಗೂ ಹಬ್ಬಿದ ಉಪ್ಪನ್ನು ಕತ್ತು ತಿರುಗಿಸಿ ತಿರುಗಿಸಿ ನೋಡಿದೆ.

ವಾಪಸು ಬಂದು ಚಾಚಾರನ್ನು ಕೇಳಿದ್ದೆ: "ನಾನು ಹೇಳದಿದ್ರೆ ನಿಜವಾಗ್ಲೂ ನೀವು ಹೇಳ್ತಿದ್ರಾ?"

"ಹೇಳ್ತಿದ್ದೆ. ಆಮೇಲೆ ನೀನು ಈ ಅಂಗಡಿಗೆ ಯಾವತ್ತೂ ಬರ್ತಿರ್ಲಿಲ್ಲ. ಅದೇ ಯೋಚನೆ ನಂಗೆ, ಆ ವಾರ ಪೂರ್ತಿ."

ಕೆಲವು ವರ್ಷಗಳ ಬಳಿಕ ಒಂದು ಮಧ್ಯಾಹ್ನ ಅವರು ಎದೆನೋವಿನಿಂದ ತೀರಿಕೊಂಡರು. ಸುದ್ದಿ ತಿಳಿದು ಡೇವಿಡ್ಡೂ ನಾನೂ ಓಡಿದೆವು. ಮನೆಯವರು ಮುಖದ ಬಟ್ಟೆ ಸರಿಸಿ, ನೋಡಿ ಎಂದರು. ನಾನು ಬಹಳ ಹೊತ್ತು ನೋಡಿದೆ. ಹಿಂದೆ ನಿಂತವರು ಕಾಯುತ್ತಿದ್ದರು, ಆದರೂ ನೋಡಿದೆ.