ಹೆಪ್ಪಿನ ಹಾಗೆ ಒಂದು ಚಿಪ್

ನವಸಾಗರದ ಹೊಗೆಯ ಘಾಟು ಪ್ರೇಮಲತಾ ಅವರ ಮೂಗಿನಲ್ಲಿ ಇಂದಿಗೂ ಉಳಿದಿದೆ. ಆವರಗೆರೆಯ ಮನೆ ಮುಂದೆ ಕಲಾಯಿಯವನು ಬಿಸಿ ಪಾತ್ರೆಯೊಳಗೆ ತವರ ಬಳಿಯುತ್ತಿದ್ದರೆ, ಆಗಿನ ಆ ಪುಟ್ಟ ಹುಡುಗಿ ಊಟ ಮರೆತು ನಿಂತುಬಿಡುತ್ತಿದ್ದಳು. ಈಗ ಹರಿಹರ ರೈಲು ನಿಲ್ದಾಣದ ಹಿಂದಿನ ಅವರ ಪುಟ್ಟ ರಿಪೇರಿ ಅಂಗಡಿಯಲ್ಲಿ, ಬೆಳಕು ಹರಿಯುವ ಹೊತ್ತಿಗೆ, ಅವರ ಕೈಯಲ್ಲೂ ಕರಗುವುದು ತವರವೇ.

ಎದುರಿನ ಸ್ಟೂಲಿನಲ್ಲಿ ದಾವಣಗೆರೆಯ ಅಂಜುಮ್ ಕೂತಿದ್ದಾರೆ. ಅವರ ಕಂಪ್ಯೂಟರ್ ಕಸೂತಿ ಯಂತ್ರದ ಬೋರ್ಡಿನಲ್ಲಿ ಒಂದು ಚಿಪ್ ಸುಟ್ಟಿದೆ. ನಾಳೆ ಸಂಜೆಯೊಳಗೆ ಮದುಮಗಳ ದುಪಟ್ಟಾ ಮುಗಿಯದಿದ್ದರೆ ಆ ಮನೆಯವರು ಮತ್ತೆ ಅಂಜುಮ್ ಬಳಿ ಬಟ್ಟೆ ತರುವುದಿಲ್ಲ. ಹೊಸ ಚಿಪ್ ತೈವಾನಿನಿಂದ ಬರಬೇಕು. ಯಾವಾಗ ಎಂಬುದು ಮಾರುವವರಿಗೂ ಗೊತ್ತಿಲ್ಲ.

ಉಗುರಿನಷ್ಟಿರುವ ಈ ಚಿಪ್‌ಗಾಗಿ ದೊಡ್ಡ ದೇಶಗಳೇ ಜಿದ್ದಿಗೆ ಬಿದ್ದಿವೆ. ಅತಿ ಸೂಕ್ಷ್ಮವಾದ ಚಿಪ್‌ಗಳು ಬಹುಪಾಲು ತಯಾರಾಗುವುದು ತೈವಾನ್ ಎಂಬ ಆ ಒಂದು ದ್ವೀಪದಲ್ಲಿ. ಅದರ ಮೇಲೆ ಚೀನಾದ ಕಣ್ಣು, ಅಮೆರಿಕದ ಕಾಳಜಿ. ಕೊರೊನಾ ಕಾಲದಲ್ಲಿ ಚಿಪ್ ಸಿಗದೆ ಕಾರು ಕಾರ್ಖಾನೆಗಳೂ ನಿಂತಿದ್ದವು. ಈಗ ನಮ್ಮ ದೇಶವೂ ಸೇರಿ ಎಲ್ಲರಿಗೂ ಸ್ವಂತ ಕಾರ್ಖಾನೆ ಕಟ್ಟುವ ಆತುರ.

"ಕಟ್ಲಿ ಬಿಡ್ರಿ, ಒಳ್ಳೇದು. ಅಲ್ಲೀ ತನ್ಕ ಅಂಜುಮಕ್ಕನ ಮಿಷನ್ ಸುಮ್ನೆ ಕೂರಕಾಗ್ತೈತಾ?" ಎಂದು ಪ್ರೇಮಲತಾ ನಗುತ್ತಾರೆ.

ಅಂಗಡಿ ಅವರ ಗಂಡ ಅಶ್ವಥ್ ಇಟ್ಟದ್ದು. ಅವರು ತೀರಿಕೊಂಡ ಮೇಲೆ, ಪ್ರೇಮಲತಾ ಕೂತಿದ್ದರೂ ಗಿರಾಕಿಗಳು "ರಿಪೇರಿಯವ್ರು ಇಲ್ವಾ?" ಎಂದು ಇಣುಕಿ ಹೋಗುತ್ತಿದ್ದರು. ಈಗ ದಿನಕ್ಕೆ ನಾಲ್ಕೈದು ಬೋರ್ಡುಗಳಾದರೂ ಬರುತ್ತವೆ. ಇಲ್ಲಿ ಒಂದು ರೂಢಿಯಿದೆ: ಪೂರ್ತಿ ಕೆಟ್ಟ ಬೋರ್ಡನ್ನು ಯಾರೂ ವಾಪಸು ಒಯ್ಯುವಂತಿಲ್ಲ. ಅದರಲ್ಲಿ ಜೀವವಿರುವ ಚಿಪ್ ಮುಂದೆ ಬಂದವರಿಗೆ.

"ಮೊಸ್ರಿಗೆ ಪಕ್ಕದ ಮನೆಯಿಂದ ಹೆಪ್ಪು ತರಲ್ವೇನ್ರಿ? ಹಂಗೆ" ಎನ್ನುತ್ತಾರೆ ಪ್ರೇಮಲತಾ.

ಇಂದಿನ ಚಿಪ್ ಹಾಲಸ್ವಾಮಿ ಎಂಬ ದರ್ಜಿ ಬಿಟ್ಟುಹೋದ ಬೋರ್ಡಿನದು. ಕಳಚಿಟ್ಟ ಚಿಪ್‌ಗಳ ಡಬ್ಬಿಯಲ್ಲಿ ಅಂಥದ್ದು ಇರುವುದು ಅದೊಂದೇ. ಚಿಮಟದಲ್ಲಿ ಎತ್ತಿದ ಪ್ರೇಮಲತಾ ತಟ್ಟನೆ ಕೈ ತಡೆಯುತ್ತಾರೆ.

"ಯಾಕ್ರಿ, ಏನಾತು?" ಅಂಜುಮ್ ಗಾಬರಿಯಾಗುತ್ತಾರೆ.

"ಟೇಬಲ್ ನಡುಗ್ತೈತೆ. ಗೂಡ್ಸ್ ಬರ್ತೈತೆ, ಹೋಗ್ಲಿ ತಡೀರಿ."

"ಅದ್ಕೂ ಈಗ್ಲೇ ಬರ್ಬೇಕಿತ್ತಾ!"

ರೈಲು ದಾಟುತ್ತದೆ. ಚಿಪ್ ಬೋರ್ಡಿನಲ್ಲಿ ಕೂರುತ್ತದೆ: ಬೆಸುಗೆ ಯಂತ್ರದ ಬಿಸಿ ಗಾಳಿ, ಎಳೆಯಷ್ಟು ಹೊಗೆ, ತವರದ ಹೊಳಪು. ಅಂಜುಮ್ ಬೋರ್ಡಿನ ಜೊತೆ ತಂದಿದ್ದ ಯಂತ್ರದ ಮೋಟಾರಿಗೆ ತಂತಿ ಜೋಡಿಸಿದರೆ ಅದು ಗುಯ್ಯೆಂದು ತಿರುಗುತ್ತದೆ.

"ನಾನೇನು ಬಿಟ್ಟು ಹೋಗ್ಲಿ?"

"ಕೆಟ್ಟ ಟಿವಿ ಇದ್ರೆ ಅದ್ರ ಬೋರ್ಡು ತಂದ್ಕೊಡ್ರಿ. ಅವಸರ ಬ್ಯಾಡ, ಮೊದ್ಲು ದುಪಟ್ಟಾ. ನನ್ನ ಡಬ್ಬಿ ಬರಿದಾಗಬಾರ್ದು, ಅಷ್ಟೇ ಆಸೆ."

ಪ್ರೇಮಲತಾ ಆಗಲೇ ಇನ್ನೊಂದು ಬೋರ್ಡಿಗೆ ಕಣ್ಣು ನೆಟ್ಟಿದ್ದಾರೆ, ತಿಂಡಿಯ ನೆನಪಿಲ್ಲ. ಬಾಗಿಲವರೆಗೆ ಹೋದ ಅಂಜುಮ್ ಹಿಂದಿರುಗುತ್ತಾರೆ. ತಮಗೆಂದು ಕಟ್ಟಿಕೊಂಡು ಬಂದಿದ್ದ ಮಂಡಕ್ಕಿ ಒಗ್ಗರಣೆಯ ಡಬ್ಬಿಯನ್ನು ಪ್ರೇಮಲತಾ ಅವರ ಕೈಗಿಡುತ್ತಾರೆ.