ಅರ್ಧ ಇಂಚಮ್ಮನ ಬಚ್ಚಲುಮನೆ

ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವಳು ಅರ್ಧ ಇಂಚಮ್ಮ. ರವಿಕೆ ಇರಲಿ, ಶಾಲೆಯ ಅಂಗಿ ಇರಲಿ, ಒಳಗಡೆ ಅರ್ಧ ಇಂಚು ಬಟ್ಟೆ ಬಿಡದೆ ಹೊಲಿದವಳೇ ಅಲ್ಲ. "ಇವತ್ತಿನ ಮೈ ನಾಳೆ ಇರಲ್ಲ, ಆಗ ಬಿಚ್ಕೊಳ್ಳೋಕೆ ಬೇಕಾಗುತ್ತೆ" ಎಂದು ಗಿರಾಕಿಗಳ ಬಾಯಿ ಮುಚ್ಚಿಸುತ್ತಿದ್ದಳು. ಅಂಥವಳು ಈಗ ಟೇಪು ಹಿಡಿದು ಬಚ್ಚಲುಮನೆಯ ಅಳತೆ ತೆಗೆಯುತ್ತಿದ್ದಳು. ಅದೂ ಬೆಳಗಿನಿಂದ ಮೂರನೇ ಸಲ.

ಬಚ್ಚಲುಮನೆ ಎಂದರೆ ಐದಡಿ ಉದ್ದ, ನಾಲ್ಕಡಿ ಅಗಲ. ಬಾಗಿಲಲ್ಲಿ ಗೇಣೆತ್ತರದ ಕಟ್ಟೆ, ಒಳಗೆ ಸವೆದು ನುಣ್ಣಗಾದ ನೆಲ, ಮೂಲೆಯಲ್ಲಿ ಯಾರೂ ಬಳಸದ ಒಂದು ಬೇಸಿನ್ನು. ಎಂಟು ತಿಂಗಳ ಹಿಂದೆ ಅತ್ತೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡದ್ದು ಇಲ್ಲಿಯೇ. ಮೂಳೆಯೇನೋ ಕೂಡಿತು, ವಾಕರ್ ಹಿಡಿದು ಮನೆಯೆಲ್ಲ ಓಡಾಡುವಂತಾದರು. ಆದರೆ ಆ ಕಟ್ಟೆ ದಾಟಲು ಸೊಸೆಯ ಕೈ ಬೇಕು, ಕೂತು ಏಳಲು ಸೊಸೆಯ ಹೆಗಲು ಬೇಕು, ಸ್ನಾನ ಮುಗಿಯುವವರೆಗೂ ಸೊಸೆ ಒಳಗೇ ನಿಂತಿರಬೇಕು.

ಅತ್ತೆ ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಎಷ್ಟು ಜನರ ಮೈ ಒರೆಸಿದ್ದರೋ ಅವರಿಗೇ ನೆನಪಿಲ್ಲ. ಬಿದ್ದ ಮೇಲೆ ಮೊದಲ ಸಲ ಸೊಸೆ ನೀರು ಹುಯ್ದಾಗ ಗೋಡೆಯ ಕಡೆ ಮುಖ ತಿರುಗಿಸಿಕೊಂಡು, "ರೋಗಿಗಳೆಲ್ಲ ಯಾಕೆ ಹಿಂಗೆ ಗೋಡೆ ನೋಡ್ತಾರೆ ಅಂದ್ಕೊಳ್ತಿದ್ದೆ. ಈಗ ಗೊತ್ತಾಯ್ತು" ಎಂದಿದ್ದರು. ಮತ್ತೆ ಆ ಮಾತೆತ್ತಲಿಲ್ಲ. ಆದರೆ ಸ್ನಾನ ದಿನ ಬಿಟ್ಟು ದಿನವಾಯಿತು, ಆಮೇಲೆ ಮೂರು ದಿನಕ್ಕೊಮ್ಮೆಯಾಯಿತು. ಕೇಳಿದರೆ ಚಳಿ ಎನ್ನುತ್ತಿದ್ದರು, ಅದೂ ಸುಡುಬಿಸಿಲಿನಲ್ಲಿ. ಅತ್ತೆ ಒಬ್ಬರೇ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಬೇಕಾದಷ್ಟು ಹೊತ್ತು ಸ್ನಾನ ಮಾಡಿ ಬರಬೇಕು. ಅರ್ಧ ಇಂಚಮ್ಮ ಹಿಡಿದ ಹಟ ಇದೊಂದೇ.

ಅವಳ ಕೈಯಲ್ಲಿದ್ದದ್ದು ಶಾಲೆಯ ಬಟ್ಟೆ ಹೊಲಿದು ಕೂಡಿಟ್ಟ ದುಡ್ಡು ಮಾತ್ರ. ಮೇಸ್ತ್ರಿ ತಲೆ ಕೆರೆದುಕೊಂಡ.

"ಅಕ್ಕ, ಇಷ್ಟರಲ್ಲಿ ಒಂದು ಗೋಡೆ ಆಗುತ್ತೆ. ಉಳಿದಿದ್ದಕ್ಕೆ ಏನು ಮಾಡೋಣ?"

"ಬಟ್ಟೆ ಸಾಲದೆ ಬಂದ್ರೆ ನಾನೇನು ತೋಳಿಲ್ಲದ ರವಿಕೆ ಕೊಟ್ಟು ಕಳಿಸ್ತೀನಾ ಮೇಸ್ತ್ರಿ? ಎಲ್ಲಿಂದಾದ್ರೂ ಜೋಡಿಸ್ತೀನಿ."

ಹಾಗೆಂದವಳೇ ಹಳೆಯ ಪತ್ರಿಕೆಗಳನ್ನು ಅಂಟಿಸಿ, ಬಚ್ಚಲುಮನೆಯ ನೆಲ ಇದ್ದಷ್ಟೇ ಅಳತೆಗೆ ಕತ್ತರಿಸಿ ನಡುಮನೆಯಲ್ಲಿ ಹಾಸಿಬಿಟ್ಟಳು. ವಾಕರ್ ಇಟ್ಟು ನೋಡಿದಳು, ಸ್ಟೂಲ್ ಇಟ್ಟು ನೋಡಿದಳು, ಬಕೆಟ್ಟನ್ನು ನಾಲ್ಕು ಮೂಲೆಗೂ ಸುತ್ತಿಸಿದಳು. ಅಚ್ಚುಕೂಟದ ಕೆಲಸ ಮುಗಿಸಿ ಬಂದ ಗಂಡ ಕಾಗದದ ಮೇಲೆ ಕಾಲಿಟ್ಟ.

"ನೋಡ್ಕೊಂಡು ಬರ್ರೀ, ಬಚ್ಚಲಲ್ಲಿ ನಿಂತಿದ್ದೀರ."

"ಹಂಗಾದ್ರೆ ಒಂದು ಟವೆಲ್ ಕೊಡು" ಎಂದು ಅವನು ಅಂಗಿಯ ಗುಂಡಿಗೆ ಕೈ ಹಾಕಿದ. ಕುರ್ಚಿಯಲ್ಲಿದ್ದ ಅತ್ತೆ ಬಹಳ ದಿನದ ಮೇಲೆ ನಕ್ಕರು.

ಕಾಗದದ ಮೇಲೆ ಅವಳಿಗೆ ಎಲ್ಲವೂ ಹೊಳೆಯತೊಡಗಿತು. ಬೇಸಿನ್ನು ಕಿತ್ತರೆ ಸ್ಟೂಲಿಗೆ ಜಾಗ. ಕಟ್ಟೆ ಒಡೆದು ನೆಲವನ್ನು ಮೋರಿಯ ಕಡೆ ಇಳಿಜಾರು ಮಾಡಿದರೆ ವಾಕರ್ ಸಲೀಸಾಗಿ ಒಳಗೆ. ಬಾಗಿಲು ಅದೇ ಇರಲಿ, ಒಳಕ್ಕೆ ತೆರೆಯುವುದರ ಬದಲು ಹೊರಕ್ಕೆ ತೆರೆಯಲಿ. ಖುಷಿಗೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಟೈಲ್ಸ್ ಅಂಗಡಿಯ ಹಿತ್ತಲಲ್ಲಿ, ಯಾರಿಗೂ ಬೇಡದೆ ಉಳಿದ ಪೆಟ್ಟಿಗೆಗಳ ಮುಂದೆ ಅರ್ಧ ದಿನ ಕುಕ್ಕರುಗಾಲಲ್ಲಿ ಕೂತಳು. ಅಂಗಡಿಯವನಿಗೆ ಸಾಕುಬೇಕಾಯಿತು. ಒರಟು ಮೈಯವೆಲ್ಲ ನೆಲಕ್ಕೆ, ನುಣುಪಿನವು ಗೋಡೆಗೆ ಎಂದು ಆರಿಸಿ, ಏಳು ಬಗೆಯ ಟೈಲ್ಸನ್ನು ಆಟೋದಲ್ಲಿ ಹೇರಿಕೊಂಡು ಬಂದಳು. ಗೋಡೆಗೆ ಹಚ್ಚುವ ದಿನ ಬೆನ್ನು ಬಿಡದೆ ನಿಂತು, "ಅಂಚಿಗೆ ಅರ್ಧ ಇಂಚು ಜಾಸ್ತಿ ಬಿಡಿ" ಎಂದಳು.

"ಒಳಗೆ ಮಡಚೋಕೆ ಇದೇನು ಲಂಗಾನಾ ಅಕ್ಕ?" ಎಂದ ಮೇಸ್ತ್ರಿ. ಅವಳು ನಾಲಿಗೆ ಕಚ್ಚಿಕೊಂಡಳು.

ಕೊನೆಗೆ ಉಳಿದದ್ದು ಕಂಬಿ. ಸ್ಟೂಲಿನ ಪಕ್ಕದ ಗೋಡೆಗೆ ಒಂದು ಉಕ್ಕಿನ ಕಂಬಿ ಬಿಗಿದರೆ ಅದರ ಮೇಲೆ ಕೈಯೂರಿ ಅತ್ತೆ ತಾವೇ ಎದ್ದು ನಿಲ್ಲಬಹುದು. ಅದಿಲ್ಲದಿದ್ದರೆ ಮಾಡಿದ್ದೆಲ್ಲ ದಂಡ. ಅರ್ಧ ಇಂಚಮ್ಮ ಟೇಪು ಬಿಡಿಸಿ, ಅತ್ತೆಯನ್ನು ನಿಲ್ಲಿಸಿ, ನೆಲದಿಂದ ಅಂಗೈವರೆಗೆ ಅಳೆದಳು. ಗೋಡೆಯ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆದಳು. ಮೇಸ್ತ್ರಿ ತೂತು ಕೊರೆದು ಕಂಬಿ ಬಿಗಿದ.

ಮರುದಿನ ಬೆಳಗ್ಗೆ ಅತ್ತೆ ಸ್ಟೂಲಿನ ಮೇಲೆ ಕೂತು ಕಂಬಿಗೆ ಕೈ ಹಾಕಿದರು. ಹೆಗಲು ಕಿವಿಯವರೆಗೆ ಏರಿತು. ಊರಲು ಹೋದರೆ ಬಲವೇ ಬರಲಿಲ್ಲ. ಎರಡು ಸಲ ನೋಡಿ, "ಹೋಗ್ಲಿ ಬಿಡೇ. ನೀನೇ ಹಿಡ್ಕೋ" ಎಂದರು.

ಅವಳು ಮೇಸ್ತ್ರಿಯನ್ನು ಕರೆದಳು. ಮೇಸ್ತ್ರಿ ಟೇಪು ಹಿಡಿದು ನೋಡಿದ. ಅವಳು ಹೇಳಿದ ಅಳತೆಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಆಗ ಅವಳಿಗೆ ತನ್ನ ತಪ್ಪು ತಿಳಿಯಿತು. ಟೇಪು ಕಂಡ ಕೂಡಲೇ ಯಾರಾದರೂ ಸೆಟೆದು ನಿಲ್ಲುತ್ತಾರೆ. ಬೊಜ್ಜು ಒಳಗೆ, ಎದೆ ಮುಂದೆ. ಇಪ್ಪತ್ತು ವರ್ಷದಿಂದ ಬಂದ ಗಿರಾಕಿಗಳ ಆ ಒಣ ಜಂಬವನ್ನು ಅವಳು ತುಟಿಪಿಟಕ್ಕೆನ್ನದೆ ಕಳೆದು ಬರೆದುಕೊಂಡವಳು. ಆದರೆ ಎಂಟು ತಿಂಗಳು ಬಾಗಿಯೇ ಇದ್ದ ಅತ್ತೆ ನಿನ್ನೆ ಟೇಪಿನ ಮುಂದೆ ವಾಕರ್ ಬಿಟ್ಟು ನೆಟ್ಟಗೆ ನಿಂತಾಗ ಅವಳಿಗೆ ಎಷ್ಟು ಸಂತೋಷವಾಗಿತ್ತೆಂದರೆ, ಕಳೆಯಬೇಕೆಂಬುದೇ ನೆನಪಾಗಿರಲಿಲ್ಲ.

"ಮೇಸ್ತ್ರಿ, ಒಂದ್ನಿಮಿಷ ತಡೀರಿ" ಎಂದು ಸೀಮೆಸುಣ್ಣವನ್ನು ಪುಡಿ ಮಾಡಿ ಅತ್ತೆಯ ಅಂಗೈಗೆ ಬಳಿದಳು. "ಅತ್ತೆ, ಅಳತೆಗಿಳತೆ ಏನೂ ಬೇಡ. ಸುಮ್ನೆ ಕೂತು ಏಳಿ. ಕೈ ಎಲ್ಲಿ ಬೀಳುತ್ತೋ ಬೀಳ್ಲಿ, ನಾನು ಹಿಂದೆ ಇರ್ತೀನಿ."

ಮೊದಲೆರಡು ಸಲ ಅತ್ತೆ ಬಿಗಿಯಾಗಿಯೇ ಎದ್ದರು. ಮೂರನೆಯ ಸಲ ಸುಸ್ತಾಗಿ, "ಏನೇ ಇದು, ನನ್ನ ಕೈಲಿ ಕವಾಯತು ಮಾಡಿಸ್ತಿದ್ದೀಯ" ಎಂದು ಗೊಣಗುತ್ತಾ ಏಳುವಾಗ ಕೈ ತಾನಾಗಿ ಗೋಡೆಗೆ ಊರಿತು. ಕಂಬಿಗಿಂತ ನಾಲ್ಕು ಬೆರಳು ಕೆಳಗೆ, ಐದೂ ಬೆರಳು ಬಿಳಿಯಾಗಿ ಮೂಡಿದವು.

"ಅಲ್ಲೇ" ಎಂದಳು ಅರ್ಧ ಇಂಚಮ್ಮ.

"ಮೇಲಿನ ತೂತುಗಳು? ಬೇರೆ ಟೈಲ್ಸ್ ಒಂದೂ ಉಳಿದಿಲ್ಲ ಅಕ್ಕ."

"ಕೊಕ್ಕೆ ಹಾಕಿ. ಸೀರೆಗೊಂದು, ಟವೆಲ್‌ಗೊಂದು."

ಸಿಮೆಂಟು ಒಣಗಲು ಎರಡು ದಿನ ಬಿಟ್ಟರು. ಮೂರನೆಯ ಬೆಳಗ್ಗೆ ಅತ್ತೆ ತಾವಾಗಿಯೇ, "ನೀರು ಕಾದಿದ್ಯಾ?" ಎಂದು ಕೇಳಿದರು. ವಾಕರ್ ಒಳಗೆ ಹೋಯಿತು. ಬಾಗಿಲು ಮುಚ್ಚಿತು. ಅರ್ಧ ಇಂಚಮ್ಮ ಹೊರಗೇ ನಿಂತಳು. ಚೊಂಬಿನ ಸದ್ದು, ನೀರಿನ ಸದ್ದು. ಆಮೇಲೆ ಏನೂ ಇಲ್ಲ. ಅವಳು ಬಾಗಿಲ ಹಿಡಿಗೆ ಕೈ ಹಾಕಿದಳು.

"ಅತ್ತೆ?"

"ಸೋಪು ಹಚ್ಕೊಳ್ತಿದ್ದೀನಿ ಕಣೇ. ಬಾಗಿಲ ಕೆಳಗೆ ನಿನ್ನ ಕಾಲು ಕಾಣ್ತಿದೆ. ಹೋಗು, ಹೋಗಿ ನಿನ್ನ ಕೆಲಸ ನೋಡ್ಕೋ."

ಆ ಗದರಿಕೆಯನ್ನು ಅವಳು ಎಂಟು ತಿಂಗಳಿಂದ ಕೇಳಿರಲಿಲ್ಲ. ಆಗಲಿ ಎಂದು ನಡುಮನೆಗೆ ಬಂದು ಹೊಲಿಗೆಯಂತ್ರದ ಮುಂದೆ ಕೂತಳು. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಆದರೂ, ತಾನು ಬಾಗಿಲ ಬಳಿ ಇಲ್ಲವೆಂದು ಒಳಗಿರುವವರಿಗೆ ಕೇಳಲಿ ಎಂದು, ದಾರವೂ ಬಟ್ಟೆಯೂ ಇಲ್ಲದ ಯಂತ್ರವನ್ನು ಜೋರಾಗಿ ತುಳಿಯತೊಡಗಿದಳು.