ಹತ್ತಿ ಅಂಡಿಗೆಯೇ ಬ್ರೇಕು

ಬೈಲಹೊಂಗಲದಲ್ಲಿ ನಮಗೆ ಇನ್‌ಲೈನ್ ಹಾಕಿ, ಅಂದರೆ ಗಾಲಿ ಸ್ಕೇಟ್ಸ್ ಮೇಲೆ ಆಡುವ ಹಾಕಿ ಆಟ, ಕಲಿಸಿದ ಸರ್ ಜನ್ಮದಲ್ಲಿ ಒಮ್ಮೆಯೂ ಸ್ಕೇಟ್ಸ್ ಕಟ್ಟಿಕೊಂಡವರಲ್ಲ. ಹತ್ತಿ ಗೋದಾಮಿನ ನುಣುಪು ನೆಲದ ಮೇಲೆ ನಾವು ಬಿದ್ದು ಏಳುತ್ತಿದ್ದರೆ, ಅವರು ಕುರ್ಚಿಯಲ್ಲಿ ಕುಳಿತು ಚಹಾ ಹೀರುತ್ತ, "ಮೊಣಕಾಲ ಬಗ್ಗಸ್ರಿ! ಜೋರ ಹೋಗ್ರಿ!" ಎಂದು ಕೂಗುತ್ತಿದ್ದರು.

"ಸರ್, ನಿಂದರೂದು ಹೆಂಗ್ರಿ?" ಎಂದು ಒಂದು ದಿನ ಕೇಳಿದೆ.

ಗೋಡೆಗೆ ಒಟ್ಟಿದ್ದ, ಹತ್ತಿ ತುಂಬಿದ ಅಂಡಿಗೆಗಳತ್ತ ಅವರು ಬೊಟ್ಟು ಮಾಡಿದರು. "ಅದಕ್ಕ ಹೋಗಿ ಬಡಿ. ತಾನ ನಿಂದರತಿ."

ವರ್ಷವಿಡೀ ಬಡಿದುಕೊಂಡೇ ನಿಂತೆವು. ಹಿಮ್ಮಡಿ ಒತ್ತಿ ನಿಲ್ಲುವುದು, ಪಾದ ಅಡ್ಡ ತಿರುಗಿಸಿ ನಿಲ್ಲುವುದು ಎಲ್ಲ ದೊಡ್ಡ ಊರಿನವರ ಶೋಕಿ ಎಂದು ಅವರು ಹೇಳಿದ್ದನ್ನು ನಂಬಿದ್ದೆವು. ಎಂಥ ಮಂಕುಗಳು ನಾವು!

ಮೊದಲ ಪಂದ್ಯ ಕಿತ್ತೂರಿನ ಒಂದು ಸಿಮೆಂಟ್ ಅಂಗಳದಲ್ಲಿ. ಎಲ್ಲರಿಗಿಂತ ಮುಂದೆ ನಾನೇ ಹಾರಿದೆ. ಚೆಂಡು ಹಿಂದೆ ಉಳಿಯಿತು, ಗೋಲೂ ಹಿಂದೆ ಉಳಿಯಿತು. ಅತಿಥಿಗಳ ಮೇಜನ್ನು ಕೆಡವಿ, ಶಾಲು ಹಾರಗಳ ನಡುವೆ ಬಿದ್ದ ಮೇಲೆಯೇ ನಾನು ನಿಂತದ್ದು.

ಸರ್ ಓಡಿ ಬಂದರು. ನನ್ನನ್ನು ಎತ್ತಲಿಲ್ಲ. ಪಂದ್ಯ ಏರ್ಪಡಿಸಿದವರ ಮೇಲೆ ರೇಗಿದರು:

"ಇದೆಂಥಾ ಗ್ರೌಂಡ್ರಿ ನಿಮ್ದು? ಒಂದರೇ ಅಂಡಿಗಿ ಇಟ್ಟಿಲ್ಲಲ್ರೀ!"